ಉತ್ತರ ಹೇಳುವ ಚಟ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಚಹಾದ್ದು. ನನಗಿರುವುದು ಉತ್ತರ ಹೇಳುವ ಚಟ. ಯಾರಾದರೂ ಪ್ರಶ್ನೆ ಕೇಳಿ ಸುಮ್ಮನೆ ನಿಂತರೆ ಸಾಕು, ನನ್ನ ನಾಲಗೆ ತುರಿಸತೊಡಗುತ್ತದೆ. ಇದರಲ್ಲಿ ನನ್ನ ತಪ್ಪು ಅರ್ಧ ಮಾತ್ರ, ಉಳಿದರ್ಧ ನೌಕರಿಯದು. ಹದಿನಾಲ್ಕು ವರ್ಷಗಳಿಂದ ರೈಲು ನಿಲ್ದಾಣವೊಂದರ ವಿಚಾರಣೆ ಕೌಂಟರಿನಲ್ಲಿ ಕೂತಿದ್ದೇನೆ. ಪ್ರಯಾಣಿಕರು ಬಾಯಿ ತೆರೆಯುವುದರೊಳಗೆ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಉತ್ತರ ಸಿದ್ಧ. ಒಮ್ಮೆ ವಯಸ್ಸಾದವರೊಬ್ಬರು ಬಂದು "ಅಮ್ಮಾ" ಎಂದದ್ದೇ ತಡ, ಗುಂಟೂರು ಗಾಡಿ ನಾಲ್ಕನೇ ಪ್ಲಾಟ್‌ಫಾರ್ಮಿಗೆ ನಲವತ್ತು ನಿಮಿಷ ತಡವಾಗಿ ಬರುತ್ತದೆ ಎಂದುಬಿಟ್ಟೆ. ಪಾಪ, ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ತೆಲುಗು ನಾಡಿನ ಮಲ್ಕಾಜ್‌ಗಿರಿಯಲ್ಲಿರುವ ನಮ್ಮ ಕನ್ನಡದ ಮನೆಯವರೆಲ್ಲ ಇದಕ್ಕೆ ಒಗ್ಗಿಹೋಗಿದ್ದರು. ಫಜೀತಿ ಶುರುವಾದದ್ದು ಮಗಳು ಶ್ರಾವಣಿಯ ಶಾಲೆಯಲ್ಲಿ. ಐದು ವರ್ಷದ ಈ ಹುಡುಗಿ ಮನೆಯಲ್ಲಿ ಗೊಂಬೆಗಳ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ. ತರಗತಿಯಲ್ಲಿ ಮಾತ್ರ ಏನು ಕೇಳಿದರೂ ತುಟಿ ಬಿಚ್ಚುವುದಿಲ್ಲ. ಅವಳ ಟೀಚರ್ ಪದ್ಮಜಾ ಮೇಡಂ ನನ್ನನ್ನೂ ಅವಳನ್ನೂ ಎದುರಿಗೆ ಕೂರಿಸಿಕೊಂಡು, ಹೀಗೇ ಆದರೆ ಒಂದನೇ ತರಗತಿಗೆ ಕಳಿಸುವುದು ಕಷ್ಟ, ಇನ್ನೊಂದು ವರ್ಷ ಯುಕೆಜಿಯಲ್ಲೇ ಇರಲಿ ಎಂದರು. ಅವಳಿಗೆ ಎಲ್ಲ ಬರುತ್ತದೆ ಮೇಡಂ ಎಂದೆ. "ಬರಬಹುದು. ಆದರೆ ಈಗ ನಾನು ಮಗುವಿಗೆ ಮೂರು ಪ್ರಶ್ನೆ ಕೇಳಿದೆ, ಮೂರಕ್ಕೂ ನೀವೇ ಉತ್ತರ ಹೇಳಿದಿರಿ" ಎಂದು ಹಿಂದಿಯಲ್ಲಿ ನಯವಾಗಿ ಹೇಳಿ, ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಮಕ್ಕಳ ಕಲಿಕೆಯ ಬಗ್ಗೆ ಸಂಶೋಧಕರು ಕಂಡುಕೊಂಡದ್ದರ ಸಾರಾಂಶವಂತೆ. ಪ್ರಶ್ನೆ ಕೇಳಿದ ಮೇಲೆ ಮಗುವಿಗೆ ಯೋಚಿಸಲು ಸಮಯ ಬೇಕು, ದೊಡ್ಡವರು ಸುಮ್ಮನಿರಬೇಕು, ಸುಳಿವು ಕೊಡಬಾರದು, ಬೇಕಾದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಹದಿನೈದು ದಿನ ಮಾಡಿ ನೋಡಿ, ಆಮೇಲೆ ತೀರ್ಮಾನಿಸೋಣ ಎಂದರು.

ಭಾನುವಾರ ಬಕೆಟ್ಟಿಗೆ ನೀರು ತುಂಬಿ, ಕೈಯಲ್ಲೊಂದು ಕಿತ್ತಳೆ ಹಿಡಿದು, "ಇದು ತೇಲತೈತೋ ಮುಳಗತೈತೋ?" ಎಂದು ಶ್ರಾವಣಿಯನ್ನು ಕೇಳಿದೆ. ಒಂದು, ಎರಡು, ಮೂರು. ಹತ್ತು ಎನ್ನುವುದು ಎಷ್ಟು ದೊಡ್ಡ ಸಂಖ್ಯೆ ಎಂದು ಅವತ್ತೇ ನನಗೆ ಗೊತ್ತಾದದ್ದು. ನಾಲ್ಕಕ್ಕೆ ಬರುವಷ್ಟರಲ್ಲಿ ಅಡುಗೆಮನೆಯಿಂದ ನಮ್ಮ ಅತ್ತೆಯ ದನಿ ಕೇಳಿತು: "ತೇಲತೈತಿ. ಅದರಾಗ ಕೇಳೂದೇನೈತಿ?"

"ಅತ್ತಿ, ನೀವು ಹೇಳಬಾರದ್ರಿ. ಕೂಸು ತಾನ ವಿಚಾರ ಮಾಡಬೇಕು. ದೊಡ್ಡವರು ಸುಮ್ನ ಇರಬೇಕಂತ ಸಂಶೋಧನೆ ಮಾಡ್ಯಾರ" ಎಂದೆ.

"ನಿನ್ನ ಸುಮ್ನ ಕುಂಡ್ರಸಾಕ ಸಂಶೋಧನೆ ಬೇಕಾತೇನವಾ? ನನ್ನ ಮಗ ಎಂಟು ವರ್ಷದಿಂದ ಅದನ್ನ ಹೇಳಾಕತ್ತಾನ" ಎಂದು ಅವರು ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು.

ಮರುದಿನ ಬೇರೆ ತೊಂದರೆ. ಎಣಿಸುವಾಗ ನನ್ನ ತುಟಿ ಅಲುಗಾಡುತ್ತಿತ್ತು. ಶ್ರಾವಣಿ ಅದನ್ನೇ ನೋಡುತ್ತ ಪ್ರಶ್ನೆ ಮರೆತಳು. ಕೊನೆಗೆ ನಾನೊಂದು ಉಪಾಯ ಹೂಡಿದೆ. ಪ್ರಶ್ನೆ ಕೇಳಿದ ಕೂಡಲೇ ಬಾಯಿ ತುಂಬ ನೀರು ಹಿಡಿದು ಕೂರುವುದು, ಅವಳು ಮಾತಾಡುವವರೆಗೆ ನುಂಗದಿರುವುದು. ನನ್ನ ಉಬ್ಬಿದ ಕೆನ್ನೆ ನೋಡಿ ಅತ್ತೆ ಹಲ್ಲುನೋವೆಂದು ತಿಳಿದು ಲವಂಗ ತಂದಿಟ್ಟರು. ಬೇಡವೆನ್ನಲೂ ಬಾಯಿ ಖಾಲಿ ಇರಲಿಲ್ಲ. ನಾಲ್ಕನೇ ದಿನ ಕಿತ್ತಳೆ ಯಾಕೆ ತೇಲುತ್ತದೆ ಎಂದು ಕೇಳಿ ನೀರು ಹಿಡಿದೆ. ಹಣ್ಣು ಹಗುರ, ಅದಕ್ಕೇ ತೇಲುತ್ತದೆ ಎಂಬ ಉತ್ತರ ನಾಲಗೆಯ ತುದಿಯಲ್ಲಿ ಈಜಾಡುತ್ತಿತ್ತು. ಎಣಿಕೆ ಹನ್ನೆರಡಕ್ಕೆ ಹೋದಾಗ ಶ್ರಾವಣಿ ನಿಧಾನವಾಗಿ, "ಸಿಪ್ಪಿ ಐತಲ್ಲ ಮಮ್ಮಿ, ಅದಕ್ಕ. ಸುಲದ್ರ ಮುಳಗತೈತಿ. ನಾ ನೋಡೀನಿ" ಎಂದಳು. ನಾನು ನಂಬದೆ ಸುಲಿದು ಹಾಕಿದೆ. ಕಿತ್ತಳೆ ಸೀದಾ ತಳಕ್ಕೆ ಹೋಯಿತು. ಇಂಥ ಹುಡುಗಿಯ ಬಾಯಿಗೆ ಇಷ್ಟು ದಿನ ಬೀಗ ಹಾಕಿದ್ದು ನಾನೇನಾ ಎಂದು ಸಂಕಟವಾಯಿತು.

ಹದಿನೈದು ದಿನ ಮುಗಿಸಿ ಶಾಲೆಗೆ ಹೋದೆವು. ಗೆಳತಿ ಊಟದ ಡಬ್ಬಿ ಮರೆತು ಬಂದರೆ ಏನು ಮಾಡುತ್ತೀ ಎಂದು ಪದ್ಮಜಾ ಮೇಡಂ ಕೇಳಿದರು. ಶ್ರಾವಣಿ ಫ್ಯಾನು ನೋಡಿದಳು. ನಾನು ತುಟಿಯನ್ನು ಹಲ್ಲಿನಡಿ ಒತ್ತಿಹಿಡಿದು ಎಣಿಸಿದೆ. ಎಂಟಾಯಿತು, ಹತ್ತಾಯಿತು. ಒಂದು ವರ್ಷ ಹೋಯಿತಲ್ಲ ಎಂದುಕೊಳ್ಳುವಾಗ ಅವಳು ತನ್ನ ಹಿಂದಿಯಲ್ಲಿ ಹೇಳಿದಳು: ಮೊದಲು ಅವಳಿಗೆ ಏನಿಷ್ಟ ಎಂದು ಕೇಳುತ್ತೇನೆ, ನನ್ನ ಡಬ್ಬಿಯಲ್ಲಿ ಅದು ಇಲ್ಲದಿದ್ದರೆ ಯಾರ ಡಬ್ಬಿಯಲ್ಲಿದೆ ಎಂದು ಹುಡುಕುತ್ತೇನೆ. ಮೇಡಂ ನಕ್ಕು, ಒಂದನೇ ತರಗತಿಗೆ ಕಳಿಸಬಹುದು ಎಂದು ಬರೆದುಕೊಂಡರು. ನನ್ನ ಕಣ್ಣು ತುಂಬಿಬಂತು. ಆಮೇಲೆ ಅವರು, ಇಷ್ಟು ಚೆನ್ನಾಗಿ ಹೇಳುವವಳು ಕ್ಲಾಸಿನಲ್ಲಿ ಯಾಕೆ ಸುಮ್ಮನಿರುತ್ತಿದ್ದೆ ಎಂದು ಕೇಳಿದರು.

ಇದಕ್ಕೆ ಶ್ರಾವಣಿಗೆ ಯೋಚಿಸುವುದೇ ಬೇಕಾಗಲಿಲ್ಲ. "ಉತ್ತರ ಹೇಳೋದು ಅಂದರೆ ಮಮ್ಮಿಗೆ ತುಂಬಾ ಖುಷಿ. ಅದಕ್ಕೇ ನಿಮ್ಮ ಪ್ರಶ್ನೆ ಎಲ್ಲಾ ಉಳಿಸಿಕೊಂಡು ಮನೆಗೆ ಹೋಗಿ ಮಮ್ಮಿಗೆ ಕೊಡ್ತಿದ್ದೆ" ಎಂದು ಹಿಂದಿಯಲ್ಲೇ ಹೇಳಿದಳು.

ಮೇಡಂ ನನ್ನತ್ತ ತಿರುಗಿದರು. ಹೇಳಲು ನನ್ನ ಬಳಿ ಬೇಕಾದಷ್ಟಿತ್ತು, ಮೂರು ಭಾಷೆಯಲ್ಲಿತ್ತು, ಒಂದೂ ಹೊರಗೆ ಬರಲಿಲ್ಲ. ನಾನು ತಡವರಿಸುವುದನ್ನು ನೋಡಿ ಶ್ರಾವಣಿಗೆ ಕನಿಕರ ಬಂತೋ ಏನೋ, ನನ್ನ ಮೊಣಕಾಲು ತಟ್ಟಿ, ಮೇಡಂಗೆ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಹೇಳು ಮಮ್ಮಿ, ನಾ ಸುಮ್ನ ಇರ್ತೀನಿ."