ಕೇಳದೆ ಕಳಿಸುವ ಫೋನುಗಳು

ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿ. ಮಾರಾಟವೂ ಉಂಟು, ರಿಪೇರಿಯೂ ಉಂಟು. ಫೋನುಗಳು ನಮ್ಮನ್ನು ಒಂದು ಮಾತೂ ಕೇಳದೆ ನಮ್ಮ ಖಾಸಗಿ ವಿಷಯಗಳನ್ನೆಲ್ಲ ಅವನ್ನು ತಯಾರಿಸಿದ ಕಂಪನಿಗೇ ಕಳಿಸುತ್ತವೆ ಎಂದು ಪೇಪರಿನಲ್ಲಿ ಬಂದದ್ದೇ ತಡ, ಗಿರಾಕಿಗಳೆಲ್ಲ ನಾನೇ ಕೂತು ಕಳಿಸುತ್ತಿದ್ದೇನೆ ಎಂಬಂತೆ ನನ್ನನ್ನು ದಿಟ್ಟಿಸತೊಡಗಿದರು. ಅಂದಿನಿಂದ ಇಂಥದೊಂದು ಪ್ರಸಂಗ ಇಲ್ಲದೆ ನನಗೆ ವಾರ ಕಳೆಯುವುದಿಲ್ಲ.

ಒಪ್ಪಿಗೆ ಇಲ್ಲ

ಸರ್ಕಾರಿ ಕಚೇರಿಯಲ್ಲಿ ಕಂಡವರ ಅರ್ಜಿಗಳಿಗೆಲ್ಲ ತಕರಾರು ತೆಗೆದು ತೆಗೆದು ನಿವೃತ್ತರಾದ ಸಾಹೇಬರೊಬ್ಬರು ಬಂದರು.

"ಫೋನಿನ್ಯಾಗ ಒಪ್ಪಿಗೆ ಇಲ್ಲ ಅಂತ ಒತ್ತೀನ್ರಿ. ಆದ್ರೂ ನನ್ನ ವಿಷಯ ಕಂಪನಿಗೆ ಹೋಗಾಕತ್ತಾವಂತ. ಅರ್ಜಿದಾರ ಒಲ್ಲೆ ಅಂದಮ್ಯಾಲೂ ಮುಂದ ಕಳಸ್ತಾರಂದ್ರ ಇದ್ಯಾವ ಆಫೀಸ್ರಿ?"

"ಕಂಪನಿಯವ್ರನ್ನ ಕೇಳ್ರಿ ಸರ್" ಎಂದು ಸಹಾಯವಾಣಿಗೆ ಕರೆ ಹಚ್ಚಿಕೊಟ್ಟೆ. ಸಾಹೇಬರು ಅಂಗಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಸಿದ್ಧರಾದರು. ಆ ಕಡೆಯಿಂದ ಜೇನಿನಂಥ ದನಿ ಬಂತು: "ನಿಮ್ಮ ಕರೆ ನಮಗೆ ಅಮೂಲ್ಯ. ಸೇವೆಯ ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ."

ಸಾಹೇಬರು ತಟ್ಟನೆ ಫೋನ್ ಇಟ್ಟರು. "ಕದೀತಾರಂತ ದೂರು ಕೊಡಾಕ ಹೋದ್ರ, ದೂರನ್ನೂ ಒಯ್ತಾರಲ್ರಿ!"

ಸ್ಟಾರ್ ಕೊಡಿ

ಕಾರಟಗಿಯ ಅಕ್ಕಿ ಗಿರಣಿಯ ಸಾಹುಕಾರರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಹೆಂಡತಿಯ ಕಾವಲು. ವ್ಯಾಪಾರದ ನೆಪದಲ್ಲಿ ಗಂಗಾವತಿಗೆ ಹೋದವರು ಅಲ್ಲಿ ಬಿಸಿ ಜಿಲೇಬಿ ತಿಂದು, ಬಾಯಿ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಸಾಧುವಿನ ಮುಖ ಮಾಡಿಕೊಂಡು ಮನೆಗೆ ಬಂದರು. ಫೋನು ಮೇಜಿನ ಮೇಲಿತ್ತು. ಪಕ್ಕದಲ್ಲಿ ಹೆಂಡತಿ ಇದ್ದಳು. ಪರದೆಯ ಮೇಲೆ ಮೂಡಿತು: "ನೀವು ಇಂದು ಭೇಟಿ ನೀಡಿದ ಮಿಠಾಯಿ ಅಂಗಡಿ ಹೇಗಿತ್ತು? ಸ್ಟಾರ್ ಕೊಡಿ."

ಮರುದಿನ ಸಾಹುಕಾರರು ನನ್ನೆದುರು ಕೈಮುಗಿದು ನಿಂತಿದ್ದರು. "ಕಂಪನಿಗೆ ಬೇಕಾದ್ದು ಕಳಿಸ್ಲಿ, ಇಡೀ ಲೋಕಕ್ಕ ಗೊತ್ತಾಗ್ಲಿ, ನನಗ ಬ್ಯಾಸರಿಲ್ಲ. ನಮ್ಮನಿಯಾಕಿಗೆ ಮಾತ್ರ ಗೊತ್ತಾಗದಂಗ ಮಾಡಿಕೊಡ್ರಿ."

ಎಲ್ಲಾ ಗೊತ್ತಿರೋ ಕಂಪನಿ

ಯಲಬುರ್ಗಾ ಕಡೆ ಬೇವೂರಿನ ರೈತರೊಬ್ಬರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. "ನೀವು ಎಲ್ಲಿ ಹೋಗ್ತೀರಿ, ಯಾರ ಜೋಡಿ ಮಾತಾಡ್ತೀರಿ, ಯಾವಾಗ ಏಳ್ತೀರಿ, ಎಲ್ಲಾ ಕಂಪನಿಗೆ ಗೊತ್ತಿರ್ತೈತ್ರಿ ಯಜಮಾನ್ರ."

ಅವರು ಅಂಜಲಿಲ್ಲ. ಮುಖ ಅರಳಿತು. "ಭಾಳ ಛಲೋ ಆತು. ಹಂಗಾದ್ರ ನಮ್ಮ ಹೊಲದ ಮೋಟರಿಗೆ ಕರೆಂಟ್ ಯಾವಾಗ ಬರ್ತೈತಿ ಅನ್ನೂದೂ ಗೊತ್ತಿರ್ಬೇಕು. ಒಂದು ಮಾತು ಕೇಳಿ ಹೇಳ್ರಿ."

ಅಕ್ಕನ ಸಿಟ್ಟು

ಕುಷ್ಟಗಿಯ ಮಾಸ್ತರೊಬ್ಬರು ಮಗಳಿಗೆ ಅಳವಂಡಿಯಲ್ಲಿ ಗಂಡು ನೋಡಿದ್ದರು. ಪಕ್ಕಾ ಆಗುವ ತನಕ ಯಾರಿಗೂ, ಅದರಲ್ಲೂ ಸ್ವಂತ ಅಕ್ಕನಿಗೆ, ತಿಳಿಯಬಾರದೆಂದು ಗಂಡ ಹೆಂಡತಿ ಅಡುಗೆಮನೆಯಲ್ಲೇ ಪಿಸುಗುಟ್ಟುತ್ತಿದ್ದರು. ಒಂದು ದಿನ ಮನೆಗೆ ಬಂದ ಅಕ್ಕ, ಹಬ್ಬದ ಫೋಟೊ ನೋಡುತ್ತೇನೆಂದು ತಮ್ಮನ ಫೋನು ಇಸಕೊಂಡಳು. ತೆರೆದರೆ ಸಾಲುಸಾಲಾಗಿ ಜಾಹೀರಾತು: ಮದುವೆ ಸೀರೆ, ಮಂಗಳಸೂತ್ರ, ಕಲ್ಯಾಣ ಮಂಟಪ.

"ಯಾರ ಮದುವಿ?" ಎಂದಳು. ಮಾಸ್ತರರ ಹೆಂಡತಿ ಒಲೆಯ ಕಡೆ ತಿರುಗಿದಳು. ಅಷ್ಟು ಸಾಕಾಯಿತು. ಅಕ್ಕ ಚೀಲ ಎತ್ತಿಕೊಂಡು, "ನಾ ಮದುವಿಗೆ ಬರಂಗಿಲ್ಲ" ಎಂದು ಹೊರಟೇಬಿಟ್ಟಳು.

ಮಾಸ್ತರರು ಅಕ್ಕನನ್ನೂ ಫೋನನ್ನೂ ಬಸ್ಸಿಗೆ ಹತ್ತಿಸಿಕೊಂಡು ನೇರ ನನ್ನ ಅಂಗಡಿಗೆ ಬಂದರು. ಸಾಕ್ಷಿ ಹೇಳುವ ಸರದಿ ನನ್ನದು.

"ಅಕ್ಕಾರ, ಇವ್ರು ಯಾರಿಗೂ ಹೇಳಿಲ್ರಿ. ಫೋನು ಮಾತು ಕೇಳಿಸ್ಕೊಂತೋ, ಇವ್ರು ಸೀರಿ ಹುಡುಕಿದ್ದು ನೋಡ್ತೋ, ಅಂತೂ ತಾನ ಕಂಪನಿಗೆ ಮುಟ್ಟಿಸೈತ್ರಿ" ಎಂದೆ.

"ಅಂದ್ರ ಹೊರದೇಶದ ಕಂಪನಿಗೆ ಗೊತ್ತು, ಹುಡುಗಿಯ ಸೋದರತ್ತಿ ನನಗ ಗೊತ್ತಿಲ್ಲ!"

ಮಾಸ್ತರರ ಕಣ್ಣಲ್ಲಿ ನೀರು ಬಂತು. "ತಪ್ಪಾತಕ್ಕ. ನೀ ಇಲ್ದ ಮದುವಿ ಹೆಂಗ ಮಾಡ್ಲಿ? ಬಾರಬೇ."

ಅಕ್ಕ ಕರಗಿದಳು. "ಬರ್ತೀನಿ ತಗೋ" ಎಂದವಳು, ತಮ್ಮನ ಕೈಯಲ್ಲಿದ್ದ ಫೋನನ್ನು ದುರುಗುಟ್ಟಿ ನೋಡಿದಳು.

"ನಾ ಒಮ್ಮೆ ಬಾಗಲ ಮರಿಗೆ ನಿಂತು ಕೇಳಿದ್ರ ವರ್ಷಗಟ್ಲೆ ಆಡ್ಕೊಂಡು ನಗ್ತೀರಿ. ಇದು ದಿನಾ ಕದ್ದು ಕೇಳ್ತೈತಿ, ಇದಕ್ಕ ಗಾಜು ಹಚ್ಚಿ, ಕವರ್ ತೊಡಿಸಿ, ತಲಿದಿಂಬಿನ ಬಾಜೂಕ ಮಲಗಿಸ್ಕೋತೀರಿ!"