ಬ್ಯಾಟರಾಯನಪುರದ ನಿಷ್ಪಕ್ಷಪಾತ ಗೋಡೆ

ಆ ಮಂಗಳವಾರ ಬೆಳಗ್ಗೆ ಪಿಳ್ಳಪ್ಪನ ಹೋಟೆಲಿನಲ್ಲಿ ಚಿಕ್ಕಬೈರಪ್ಪ ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಪತ್ರಿಕೆಯ ಎರಡನೇ ಪುಟವನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡ. ಮೂರನೆಯ ಸಲ ಗಟ್ಟಿಯಾಗಿ ಓದಿದ.

"ರಾಜಾನುಕುಂಟೆಯಲ್ಲಿ ತಾಲ್ಲೂಕು ಬೋರ್ಡಿನ ಅಭ್ಯರ್ಥಿ ಶ್ರೀ ದಾಸಪ್ಪನವರ ಸಭೆಗೆ ಜನಸಾಗರವೇ ಹರಿದುಬಂದಿತ್ತು. ಅದೇ ದಿನ ಬ್ಯಾಟರಾಯನಪುರದಲ್ಲಿ ಶ್ರೀ ಮುನಿಶಾಮಪ್ಪನವರೂ ಮಾತನಾಡಿದರು."

ಓದಿ ಮುಗಿಸಿ ಪತ್ರಿಕೆಯನ್ನು ಮೇಜಿನ ಮೇಲೆ ಅಪ್ಪಳಿಸಿದ. ಚಟ್ನಿಯ ಬಟ್ಟಲು ನಡುಗಿತು.

"ಮಾತಾಡಿದ್ರಂತೆ! ಮಾತಾಡೋಕೇನು, ನೀನೂ ಮಾತಾಡ್ತೀಯ, ನಮ್ಮ ಎಮ್ಮೇನೂ ಮಾತಾಡ್ತೈತೆ. ಉಣಸೇಮರದ ಗಂಟ ಜನ ನಿಂತಿದ್ರಲ್ಲ, ಅದೆಲ್ಲಿ ಓಯ್ತು?"

"ಪೇಪರ್‌ನೋರಿಗೆ ಜಾಗ ಸಾಲ್ದೇನೋ ಕಣಣ್ಣ," ಎಂದ ಪಿಳ್ಳಪ್ಪ, ಲೋಟ ತೊಳೆಯುತ್ತ.

"ದಾಸಪ್ಪನ ಸಾಗರಕ್ಕೆ ಜಾಗ ಸಾಲ್ತಲ್ಲ! ಆ ಊರಲ್ಲಿ ಇರೋದೇ ಒಂದು ಕುಂಟೆ. ಸಾಗರ ಎಲ್ಲಿಂದ ಬಂತೋ?"

ಚಿಕ್ಕಬೈರಪ್ಪನ ಸಂಕಟಕ್ಕೆ ಎರಡು ಬೇರುಗಳಿದ್ದವು. ದಾಸಪ್ಪನ ಎದುರು ಚುನಾವಣೆಗೆ ನಿಂತಿದ್ದ ಮುನಿಶಾಮಪ್ಪ ಅವನ ಊರಿನವನು. ಆ ಸಭೆಗೆ ಬೆಂಚು ಹೊತ್ತು, ಮಾವಿನ ತೋರಣ ಕಟ್ಟಿ, ಮೈಕಿನವನಿಗೆ ಊಟ ಹಾಕಿದವನು ಸ್ವತಃ ಚಿಕ್ಕಬೈರಪ್ಪ. ಇನ್ನು ದಾಸಪ್ಪ ಬೇರೆ ಯಾರೂ ಅಲ್ಲ, ಚಿಕ್ಕಬೈರಪ್ಪನ ಹೆಂಡತಿ ಗೌರಮ್ಮನ ಒಡಹುಟ್ಟಿದ ಅಣ್ಣ. ಊರಿಗೆ ಬರುತ್ತಿದ್ದದ್ದು 'ಲೋಕತಕ್ಕಡಿ' ಎಂಬ ಈ ಒಂದೇ ಪತ್ರಿಕೆ. ಅದನ್ನು ಹನ್ನೆರಡು ವರ್ಷಗಳಿಂದ ವೇದದಂತೆ ನಂಬಿಕೊಂಡು ಬಂದಿದ್ದ ಮನುಷ್ಯ, ಆ ತಕ್ಕಡಿಯ ಒಂದು ತಟ್ಟೆ ತನ್ನ ಭಾವಮೈದುನನ ಕಡೆಗೇ ವಾಲಿದ್ದನ್ನು ಕಂಡು ಒಳಗೊಳಗೇ ಮುರಿದುಹೋದ.

ಮನೆಗೆ ಬಂದು ಹೇಳಿದರೆ ಗೌರಮ್ಮನ ಮುಖ ಹೂವಿನಂತೆ ಅರಳಿತು.

"ನಮ್ಮಣ್ಣನ ಸಬೇಗೆ ಸಾಗರ ಅಂತ ಅಚ್ಚಾಗೈತಾ? ಇನ್ನೊಂದು ಕಿತ ಓದು."

"ಅದು ಸುಳ್ಳು ಕಣೇ!"

"ಅಚ್ಚಾಗಿರೋದು ಸುಳ್ಳಾಗ್ತೈತಾ? ನೀನೇ ಅಲ್ವಾ ಇಷ್ಟು ವರ್ಸ ಏಳಿದ್ದು, ಪೇಪರ್‌ನಾಗೆ ಬಂದೈತೆ ಅಂದ್ಮೇಲೆ ಮುಗೀತು ಅಂತ?"

(ಹೇಳಿದ್ದು ನಿಜ. ಮನೆಯ ಎಲ್ಲ ವ್ಯಾಜ್ಯಗಳನ್ನೂ ಅವನು ಆ ಒಂದು ಮಾತಿನಿಂದಲೇ ಗೆಲ್ಲುತ್ತ ಬಂದಿದ್ದ.)

ಚಿಕ್ಕಬೈರಪ್ಪನಿಗೆ ದಿವ್ಯಾಲೋಚನೆ ಹೊಳೆದದ್ದು ಆಗ. ಅವನ ಮನೆಯ ಕೆಮ್ಮಣ್ಣಿನ ಗೋಡೆ ನೇರವಾಗಿ ಬಳ್ಳಾರಿ ರಸ್ತೆಗೆ ಮುಖಮಾಡಿತ್ತು. ಬಸ್ಸಿಗೆ ಕಾಯುವವರೆಲ್ಲ ನಿಲ್ಲುವುದು ಅದರ ಎದುರಿಗೇ. ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿದ. ಸುಣ್ಣವನ್ನು ಗಟ್ಟಿಯಾಗಿ ಕಲಸಿದ. ಗೋಡೆಯ ನೆತ್ತಿಯ ಮೇಲೆ 'ಕಣ್ಣಾರೆ' ಎಂದು ಬರೆದು ಕೆಳಗೆ ಗೆರೆ ಎಳೆದ. ಶಾಸನ ಒಂದೇ: ಸಂಪಾದಕರು ಸ್ವಂತ ಕಣ್ಣಿನಿಂದ ಕಂಡದ್ದನ್ನು ಮಾತ್ರ ಬರೆಯತಕ್ಕದ್ದು. ಕೇಳಿದ್ದಕ್ಕೆ ಜಾಗವಿಲ್ಲ.

"ಗೋಡೆ ಕೆಡಿಸ್ತೀಯಲ್ಲಪ್ಪಾ," ಎಂದು ಗೌರಮ್ಮ ಗೊಣಗಿದಳು. ಗೊಣಗುತ್ತಲೇ ಮಾರನೆಯ ಮುಂಜಾನೆ ಗೋಡೆಗೆ ಹೊಸದಾಗಿ ಕೆಮ್ಮಣ್ಣು ಬಳಿದು ಹಳೆಯ ಸುದ್ದಿ ಅಳಿಸಿಕೊಟ್ಟಳು. ಪ್ರತಿದಿನವೂ ಅಳಿಸಿಕೊಟ್ಟಳು. ಆ ಪತ್ರಿಕಾಲಯದ ಸಿಬ್ಬಂದಿ ಎಂದರೆ ಅವಳೇ.

ಮೊದಲ ವಾರ 'ಕಣ್ಣಾರೆ' ವಿಜೃಂಭಿಸಿತು. ಮುನಿಶಾಮಪ್ಪನ ಸಭೆಗೆ ಜನ ಹುಣಸೇಮರದವರೆಗೆ ನಿಂತದ್ದು ಬಂತು. ಬಳಿಕ ಸಂಪಾದಕರು ಬಸ್ಸು ಹತ್ತಿ ಯಲಹಂಕಕ್ಕೆ ಹೋಗಿ ದಾಸಪ್ಪನ ಸಭೆಯನ್ನು ಕಣ್ಣಾರೆ ನೋಡಿ ಬಂದು, 'ಸಭೆಯಲ್ಲಿ ಜನಕ್ಕಿಂತ ಎಮ್ಮೆಗಳು ಹೆಚ್ಚಿದ್ದವು' ಎಂದು ಬರೆದರು. ಗೌರಮ್ಮನಿಗೆ ಓದು ಬಾರದು. ಪಕ್ಕದ ಮನೆಯ ಸುಗ್ರಾ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದವಳು; ಅವಳು ಓದಿ ಹೇಳಿದಳು.

"ಸಂತೆ ದಿನ ಸಂತೆಮಾಳದಾಗೆ ಎಮ್ಮೆ ಇರ್ದೆ ಆನೆ ಇರ್ತಾವಾ?" ಗೌರಮ್ಮ ಒಳಗೆ ಬಂದು ಸೌಟು ಕುಕ್ಕಿದಳು. "ಸಂತೆ ಅಂತ ಯಾಕೆ ಬರೀಲಿಲ್ಲ?"

"ಎಮ್ಮೆ ಇದ್ದದ್ದು ನಿಜ ತಾನೆ?"

"ಎಮ್ಮೆ ನಿಜ. ನೀನೇ ಸುಳ್ಳು."

ಆ ರಾತ್ರಿ ಮುದ್ದೆ ಸ್ವಲ್ಪ ಗಟ್ಟಿಯಾಗಿತ್ತು. ಚಿಕ್ಕಬೈರಪ್ಪ ನಿಷ್ಪಕ್ಷಪಾತವನ್ನು ಸಾಬೀತುಪಡಿಸಲು ಮರುದಿನವೇ 'ಮುನಿಶಾಮಪ್ಪನವರು ವೇದಿಕೆಯ ಮೇಲೆ ಗೊರಕೆ ಹೊಡೆದರು' ಎಂದು ಬರೆದ. ಇದೂ ಕಣ್ಣಾರೆ ಕಂಡದ್ದೇ. ಮಧ್ಯಾಹ್ನದೊಳಗೆ ಮುನಿಶಾಮಪ್ಪನ ಕಡೆಯವರು ಜಗಲಿಯ ಮುಂದೆ ನಿಂತರು. "ಎಂಡ್ತಿ ಮಾತು ಕೇಳ್ಕೊಂಡು ಭಾವಮೈದುನನ ಕಡೆ ವಾಲ್ಬಿಟ್ಟೆ, ಅಲ್ವೇನಣ್ಣಾ?" ಎಂದರು. ಸಂಜೆ ಪಿಳ್ಳಪ್ಪನ ಹೋಟೆಲಿನಲ್ಲಿ ಇಬ್ಬರು ಗಿರಾಕಿಗಳು 'ಕಣ್ಣಾರೆ' ದಾಸಪ್ಪನದೋ ಮುನಿಶಾಮಪ್ಪನದೋ ಎಂದು ಕೂಗಾಡಿಕೊಂಡರು.

"ಅಣ್ಣಾ, ನಿನ್ನ ಗೋಡೆ ಯಾರ ಕಡೇದು?" ಪಿಳ್ಳಪ್ಪ ಕೇಳಿದ.

"ಯಾರ ಕಡೇದೂ ಅಲ್ಲ! ಬೇಕಾದ್ರೆ ನನ್ನ ಸ್ವಂತ ಮನೇನೂ ಬಿಡಲ್ಲ!"

ಆಡಿದ ಮಾತು ಬಾಯಿಂದ ಹೊರಗೆ ಬಿದ್ದಿತ್ತು. ಮನೆಗೆ ಬಂದು ಊಟಕ್ಕೆ ಕೂತರೆ ಅವರೆಕಾಳಿನ ಸಾರು ಸೀದಿತ್ತು. ತಳದಿಂದ ಮೇಲಿನವರೆಗೆ ನ್ಯಾಯವಾಗಿ ಸೀದಿತ್ತು. ಯಾಕೆ ಸೀದಿತೆಂದು ಅವನು ಕೇಳಲಿಲ್ಲ. ಮುಂಜಾನೆ ಎದ್ದು ಅವಳು ಬಳಿದುಕೊಟ್ಟ ಹಸಿ ಗೋಡೆಯ ಮೇಲೆಯೇ ಬರೆದ: 'ಸಂಪಾದಕರ ಮನೆಯಲ್ಲಿ ನಿನ್ನೆ ಸಾರು ಸೀದುಹೋಗಿತ್ತು. ಅಡಿಗೆ: ಗೌರಮ್ಮ.'

ದೊಡ್ಡಬಳ್ಳಾಪುರದ ಬಸ್ಸಿನ ಕಂಡಕ್ಟರ್ ಮಜೀದ್ ದಿನವೂ ಆ ಗೋಡೆ ಓದಿ, ದಾರಿಯುದ್ದಕ್ಕೂ ಟಿಕೆಟ್ ಹರಿಯುತ್ತ ಅದನ್ನು ಪ್ರಯಾಣಿಕರಿಗೆ ಪ್ರಸಾರ ಮಾಡುತ್ತಿದ್ದ. ಹೀಗಾಗಿ, ಸುಗ್ರಾಳಿಂದ ಸುದ್ದಿ ಕೇಳಿದ ಗೌರಮ್ಮ ಎರಡು ಸೀರೆ ಗಂಟು ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ತವರಿಗೆ ಹೊರಟು ತಲುಪುವಷ್ಟರಲ್ಲಿ, ಅವಳ ಸೀದ ಸಾರು ಬೆಳಗಿನ ಬಸ್ಸಿನಲ್ಲೇ ರಾಜಾನುಕುಂಟೆ ಸೇರಿತ್ತು. ದಾಸಪ್ಪನ ಹೆಂಡತಿ ಬಾಗಿಲಲ್ಲೇ, "ಬಾರಮ್ಮ, ಒಲೆ ಕಡೆ ಮಾತ್ರ ಬರ್ಬೇಡ," ಎಂದಳಂತೆ.

ಇತ್ತ ಚಿಕ್ಕಬೈರಪ್ಪ ಎರಡು ದಿನ ಹೋಟೆಲಿನ ಊಟ ಉಂಡ. ನಿಷ್ಪಕ್ಷಪಾತಿಗಳು ಒಂಟಿಯಾಗಿರುವುದು ಸಹಜ ಎಂದು ತನಗೆ ತಾನೇ ಹೇಳಿಕೊಂಡ. ಮೂರನೆಯ ದಿನ ಗೋಡೆಯ ಮುಂದೆ ನಿಂತಾಗ ಹಳೆಯ ಸುದ್ದಿಯನ್ನು ಅಳಿಸುವವರೇ ಇರಲಿಲ್ಲ. 'ಅಡಿಗೆ: ಗೌರಮ್ಮ' ಎಂಬುದು ಹಾಗೆಯೇ ಉಳಿದಿತ್ತು. ಕೆಮ್ಮಣ್ಣು ಎಲ್ಲಿಟ್ಟಿರುತ್ತಾಳೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಬೇಲಿಯಾಚೆಯಿಂದ ಸುಗ್ರಾ ಕೇಳಿದಳು: "ಬೈರಪ್ಪಣ್ಣಾ, ಸಾರು ಸೀದಿದ್ದು ಬರೆದ್ರಿ. ಯಾಕೆ ಸೀದಿದ್ದು ಅಂತ ಯಾಕೆ ಬರೀಲಿಲ್ಲ?"

"ಯಾಕೆ ಸೀದಿದ್ದು?"

"ಅರೆ! ನಿಮ್ಮ ಕರು ಹಗ್ಗ ಬಿಚ್ಕೊಂಡು ಬಂದು ಗೋಡೆ ಮೇಲಿನ ಸುಣ್ಣ ನೆಕ್ತಾ ಇತ್ತು. ಆಗ್ಲೇ ಅರ್ಧ ಸುದ್ದಿ ತಿಂದಿತ್ತು. ಗೌರಕ್ಕ ಸಾರು ಒಲೆ ಮೇಲೆ ಬಿಟ್ಟು ಓಡ್ಬಂದು ಕರು ಎಳ್ದು ಕಟ್ಟಿ, ನನ್ನ ಕರೆದ್ರು. 'ಯಾವ ಅಕ್ಷರ ಓಗೈತೆ ನೋಡೇ, ಬಂದ್ರೆ ಅವ್ನು ಬೇಜಾರ್ ಮಾಡ್ಕತಾನೆ' ಅಂದ್ರು. ನಾನು ನೆಲದ ಮೇಲೆ ಬರೆದು ತೋರಿಸ್ದೆ, ಅವ್ರು ನೋಡ್ಕೊಂಡು ಸುಣ್ಣದಲ್ಲಿ ತಿದ್ದಿದ್ರು. ಅಷ್ಟೊತ್ತಿಗೆ ಒಳಗಿಂದ ವಾಸ್ನೆ ಬಂತು."

ಚಿಕ್ಕಬೈರಪ್ಪ ಜಗಲಿಯ ಮೇಲೆ ಕುಳಿತ. ಕರು ಬಂದು ಅವನ ಕೈ ನೆಕ್ಕಿತು. ಕೈಗೂ ಸುಣ್ಣ ಮೆತ್ತಿತ್ತು. ಗೊರಕೆಯ ಸುದ್ದಿಯಲ್ಲಿ 'ವೇದಿಕೆ' ಎಂಬ ಮಾತು ಕೊಂಚ ಸೊಟ್ಟಗಿದ್ದದ್ದನ್ನು ಆ ಸಂಜೆ ಅವನು ನೋಡಿದ್ದ. ತನ್ನ ಕೈಯೇ ಅದುರಿರಬೇಕು ಅಂದುಕೊಂಡಿದ್ದ.

ಅಂದು ಅವನು ತನ್ನ ಶಾಸನವನ್ನು ತಾನೇ ಮುರಿದ. ಕಣ್ಣಾರೆ ಕಾಣದ್ದನ್ನು, ಬರೀ ಸುಗ್ರಾಳ ಬಾಯಿಂದ ಕೇಳಿದ್ದನ್ನು, ಹಳೆಯ ಸುದ್ದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬರೆದ: 'ತಿದ್ದುಪಡಿ. ಸಾರು ಸೀದಾಗ ಗೌರಮ್ಮ ಈ ಗೋಡೆಯ ಸುದ್ದಿಯನ್ನು ಕರುವಿನ ಬಾಯಿಂದ ಬಿಡಿಸುತ್ತಿದ್ದಳು. ಸೀದದ್ದು ಸಂಪಾದಕನ ತಪ್ಪು.' ಕೈ ಅಲ್ಲಿಗೆ ನಿಲ್ಲದೆ ಕೆಳಗೆ ಇನ್ನೂ ಒಂದು ಸಾಲು ಬರೆಯಿತು.

ಅವನ ಪತ್ರಿಕಾ ಜೀವನದಲ್ಲಿ ಒಳಗೂ ಹೊರಗೂ ಇಷ್ಟು ನಿಜವಾಗಿದ್ದ ಸುದ್ದಿ ಇನ್ನೊಂದಿರಲಿಲ್ಲ. ಊರಿನಲ್ಲಿ ಒಬ್ಬನೂ ನಂಬಲಿಲ್ಲ.

"ಮುದ್ದೆ ತಿರುವೋಕೆ ಬರ್ದೆ ಬರ್ದವ್ನೆ," ಎಂದ ಪಿಳ್ಳಪ್ಪ.

"ಎಂಗಸರ ಓಟಿಗೆ ಬಲೆ," ಎಂದರು ದಾಸಪ್ಪನ ಕಡೆಯವರು.

"ದಾಸಪ್ಪ ಎದರಿಸಿ ಬರೆಸವ್ನೆ," ಎಂದರು ಮುನಿಶಾಮಪ್ಪನ ಕಡೆಯವರು.

"ಕರು ಸುದ್ದಿ ತಿಂತಂತೆ!" ಎಂದು ಬಸ್ಸಿಗೆ ನಿಂತವರು ನಕ್ಕರು. ಚಿಕ್ಕಬೈರಪ್ಪ ಒಬ್ಬೊಬ್ಬರ ಮುಂದೆಯೂ ಕರುವಿನ ಮೇಲೆ ಆಣೆ ಇಟ್ಟ. ಆಣೆ ಇಟ್ಟಷ್ಟೂ ಅವರ ಅನುಮಾನ ಹೆಚ್ಚಿತು.

ಮಜೀದ್ ಎಂದಿನಂತೆ ರಾಜಾನುಕುಂಟೆಯಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹಾಕಿ ತಿದ್ದುಪಡಿಯನ್ನು ಕೂಗಿದ. ಅರಳಿಕಟ್ಟೆಯ ಮೇಲಿದ್ದ ದಾಸಪ್ಪ, "ನಂಬ್ಬೇಡ ಕಣಮ್ಮಿ, ಎಲೆಕ್ಷನ್ ಆಟ," ಎಂದ. ಗೌರಮ್ಮ ಅಣ್ಣನ ಮಾತಿಗೆ ಕಿವಿಗೊಡದೆ ಬಸ್ಸಿನ ಹತ್ತಿರಕ್ಕೆ ಹೋದಳು.

"ಕರು ಅಂತ ಬರ್ದೈತಾ, ಮಜೀದಣ್ಣಾ?"

"ಕರು ಅಂತಾನೇ ಐತಮ್ಮಾ."

ಮಜೀದ್ ದೊಡ್ಡಬಳ್ಳಾಪುರದಿಂದ ಹಿಂತಿರುಗುವ ಹೊತ್ತಿಗೆ ಅವಳು ಗಂಟಿನ ಜೊತೆ ರಸ್ತೆಯಲ್ಲಿ ನಿಂತಿದ್ದಳು.

ಬ್ಯಾಟರಾಯನಪುರದಲ್ಲಿ ಇಳಿದವಳು ಒಳಗೆ ಹೋಗಲಿಲ್ಲ. ಗೋಡೆಯ ಮುಂದೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎದುರಿನ ಹೋಟೆಲಿನಲ್ಲಿ ಲೋಟಗಳ ಸದ್ದು ನಿಂತಿತು.

"ಓದು," ಎಂದಳು ಗಂಡನಿಗೆ.

ಚಿಕ್ಕಬೈರಪ್ಪ ಗಂಟಲು ಸರಿಮಾಡಿಕೊಂಡು ಓದಿದ. ಕರು, ಸುಣ್ಣ, ಸಂಪಾದಕನ ತಪ್ಪು, ಎಲ್ಲವೂ ಬಂತು. ಓದಿ ನಿಲ್ಲಿಸಿದ.

"ಅಷ್ಟೇನಾ?"

"ಅಷ್ಟೇ."

"ಕೆಳಗಡೆ ಇನ್ನೊಂದು ಸಾಲೈತೆ."

"ಅದಾ? ಅದು... ಜಾಹೀರಾತು."

"ನೋಡ್ದ್ಯಾ! ಬಿಡ್ತೀಯ! ಬೇಕಾದ್ದು ಓದ್ತೀಯ, ಬ್ಯಾಡ್ದಿದ್ದು ಬಿಡ್ತೀಯ! ಏ ಸುಗ್ರಾ, ಬಾರೇ ಇಲ್ಲಿ!"

ಸುಗ್ರಾ ಬಂದಳು. ಓದುವ ಮೊದಲೇ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. "'ಗೌರಿ ಇಲ್ಲದೆ ಮನೆಯೊಳಗೆ ಸದ್ದೇ ಇಲ್ಲ. ಈ ಸುದ್ದಿ ಕಣ್ಣಾರೆ ಕಂಡದ್ದು' ಅಂತ ಐತೆ ಅಕ್ಕಾ."

ಹೋಟೆಲಿನಿಂದ ಯಾರೋ ಕೇಕೆ ಹಾಕಿದರು. ಚಿಕ್ಕಬೈರಪ್ಪ ತನ್ನ ಕಾಲ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಗೌರಮ್ಮನ ಕಿವಿಯವರೆಗೂ ಕೆಂಪೇರಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅವಳನ್ನು 'ಗೌರಿ' ಎಂದು ಹೊರಗೆ ಕರೆದದ್ದೇ ಇಲ್ಲ; ಈಗ ಬಳ್ಳಾರಿ ರಸ್ತೆಗೆಲ್ಲ ಕಾಣುವಂತೆ ಬರೆದುಬಿಟ್ಟಿದ್ದ.

"ಇದ್ನ ಓದೋಕೆ ನಾಚ್ಕೆ, ಸಾರು ಬರೆಯೋಕೆ ನಾಚ್ಕೆ ಇರ್ಲಿಲ್ವಾ?" ಎಂದಳು. ದನಿ ಮಾತ್ರ ಮೊದಲಿನಷ್ಟು ಗಟ್ಟಿಯಿರಲಿಲ್ಲ. ಗಂಟನ್ನು ಅವನ ಕೈಗೆ ಕೊಟ್ಟು ಬಾಗಿಲು ದಾಟುತ್ತ ನಿಂತು, ತಿರುಗಿ ಹೇಳಿದಳು: "ನಾಳೆ ಇದ್ನ ನಾನು ಅಳಿಸಲ್ಲ. ನೀನೂ ಅಳಿಸ್ಬೇಡ. ಪೇಪರ್‌ನೂ ನಂಬಲ್ಲ, ನಿನ್ ಗೋಡೇನೂ ನಂಬಲ್ಲ, ನಿನ್ ಬಾಯ್ನೂ ನಂಬಲ್ಲ. ನಾನೇ ಓದ್ಕತೀನಿ."

ಚುನಾವಣೆಯಲ್ಲಿ ದಾಸಪ್ಪ ಗೆಲ್ಲಲಿಲ್ಲ, ಮುನಿಶಾಮಪ್ಪನೂ ಗೆಲ್ಲಲಿಲ್ಲ. ಗೆದ್ದ ಮೂರನೆಯವರ ಹೆಸರು 'ಲೋಕತಕ್ಕಡಿ'ಯಲ್ಲಾಗಲಿ 'ಕಣ್ಣಾರೆ'ಯಲ್ಲಾಗಲಿ ಒಂದು ದಿನವೂ ಬಂದಿರಲಿಲ್ಲ.

ಮುಂದಿನ ಸೋಮವಾರದಿಂದ ಗೌರಮ್ಮ ಸಂಜೆ ಹೊತ್ತು ಸುಗ್ರಾಳ ಮನೆಗೆ ಸ್ಲೇಟು ಹಿಡಿದು ಹೋಗತೊಡಗಿದಳು. ಆ ಪಾಠ ಹೆಂಗಸರಿಗೆ ಮಾತ್ರವಾದ್ದರಿಂದ, ಚಿಕ್ಕಬೈರಪ್ಪ ಲಾಟೀನು ಇಟ್ಟುಕೊಂಡು ಹೊರಗಿನ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದ.