ಅತ್ತೆಯ ಕೈಯಲ್ಲಿ ರಿಮೋಟು

ನಮ್ಮ ದೇಶದಲ್ಲಿ ಸಿನಿಮಾಕ್ಕೆ ಒಂದೇ ಸೆನ್ಸಾರ್ ಮಂಡಳಿ ಇದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಇನ್ನೊಂದು ಬಸವೇಶ್ವರನಗರದಲ್ಲಿದೆ. ನಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ, ಅದರ ಅಧ್ಯಕ್ಷೆ. ಸದಸ್ಯೆಯೂ ಅವರೇ, ಜವಾನರೂ ಅವರೇ. ಸರ್ಕಾರದ ಮಂಡಳಿಯವರು ಪಾಪ, ಸಿನಿಮಾ ನೋಡಿ ಏನು ಕತ್ತರಿಸಬೇಕೆಂದು ತೀರ್ಮಾನಿಸುತ್ತಾರೆ. ನಮ್ಮತ್ತೆ ಸಿನಿಮಾದವರ ಸಂಸಾರ ನೋಡಿ ತೀರ್ಮಾನಿಸುತ್ತಾರೆ!

ಈ ಮಂಡಳಿಯ ಬಳಿ ಇರುವ ಆಯುಧವೆಂದರೆ ಒಂದು ರಿಮೋಟು. ತಂದ ದಿನವೇ ಅದಕ್ಕೆ ಪ್ಲಾಸ್ಟಿಕ್ ಕವರು ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಎಲ್ಲ ಗುಂಡಿಗಳೂ ಹೊಸದರಂತಿವೆ. ಮ್ಯೂಟ್ ಗುಂಡಿಯೊಂದು ಮಾತ್ರ, ಮೇಲಿನ ಕವರು ಹರಿದು, ತಾನೂ ಸವೆದು, ಅದರ ಮೇಲೇನು ಬರೆದಿತ್ತು ಎಂಬುದೇ ಕಾಣುವುದಿಲ್ಲ.

ಹಾಗೆಂದು ಅತ್ತೆ ಗಾಳಿಸುದ್ದಿ ನಂಬುವವರಲ್ಲ. ಪಾರ್ಕಿನಲ್ಲಿ ವಾಕಿಂಗ್ ಬರುವ ಹೆಂಗಸರು ದಿನಕ್ಕೊಬ್ಬ ನಟನ ಕತೆ ತರುತ್ತಾರೆ. ಅದನ್ನೆಲ್ಲ ಅತ್ತೆ ಸೊಪ್ಪು ಕೊಳ್ಳುವಾಗ ಕೊಳೆತ ಎಲೆ ತೆಗೆಯುವಂತೆ ತೆಗೆದು ಪಕ್ಕಕ್ಕಿಡುತ್ತಾರೆ. ಒಂದೋ ಆ ಮನುಷ್ಯ ತನ್ನ ಬಾಯಿಂದಲೇ ಹೇಳಿರಬೇಕು, ಇಲ್ಲವೇ ಕೋರ್ಟು ಹೇಳಿರಬೇಕು. ಆಮೇಲೆ ಮಾತ್ರ ಶಿಕ್ಷೆ.

ಒಬ್ಬ ಗಾಯಕರ ಕೇಸು ನೋಡಿ. ಅವರ ಹಾಡೆಂದರೆ ಅತ್ತೆಗೆ ಪ್ರಾಣ. ಒಂದು ಸಂಜೆ ಟಿವಿ ಸಂದರ್ಶನದಲ್ಲಿ ಆ ಮಹಾಶಯರು, "ಮೊದಲನೇ ಹೆಂಡತಿ ನನ್ನ ಮಟ್ಟಕ್ಕೆ ಬೆಳೆಯಲಿಲ್ಲ, ಹಾಗಾಗಿ ಬಿಟ್ಟೆ" ಎಂದುಬಿಟ್ಟರು. ಅತ್ತೆ ಕಾಫಿ ಲೋಟ ಕೆಳಗಿಟ್ಟರು. ಅಲ್ಲಿಗೆ ಅವರ ಕತೆ ಮುಗಿಯಿತು. ಆದರೆ ಒಂದು ತೊಡಕಿತ್ತು. ಅವರು ಹಾಡಿದ್ದರಲ್ಲಿ ಅರ್ಧ ಯುಗಳಗೀತೆಗಳು. ಜೊತೆಗೆ ಹಾಡಿದ ಹೆಂಗಸು ಏನು ಪಾಪ ಮಾಡಿದ್ದಾಳೆ? ಅತ್ತೆ ನ್ಯಾಯವಂತರು. ಹೆಣ್ಣುದನಿ ಬಂದಾಗ ಸೌಂಡು, ಗಂಡುದನಿ ಬಂದಾಗ ಮ್ಯೂಟು! ನಡುವೆ ತಾಳ ತಪ್ಪಬಾರದಲ್ಲ, ಅದಕ್ಕೆ ಗಂಡಿನ ಸಾಲುಗಳನ್ನು ಅತ್ತೆಯೇ ಹಾಡಿ ತುಂಬಿಸುತ್ತಿದ್ದರು. ಮೇಲಿನ ಪೋರ್ಷನ್ನಿನ ಬಾಡಿಗೆಯವರು ಎರಡು ದಿನ ಕೇಳಿ, ಮೂರನೇ ದಿನ ಕೆಳಗೆ ಬಂದು, "ಆಂಟಿ, ನಿಮ್ಮ ಟಿವೀಲಿ ಗಂಡಸರ ವಾಯ್ಸ್ ಬರ್ತಾ ಇಲ್ಲ ಅನ್ಸುತ್ತೆ, ಕೇಬಲ್‌ನವನಿಗೆ ಹೇಳ್ಲಾ?" ಎಂದು ಕೇಳಿದ್ದರು.

ಅತ್ತೆಯ ದನಿ ಚೆನ್ನಾಗಿಯೇ ಇದೆ. ಆದರೆ ಒಂದು ಹಾಡಿನಲ್ಲಿ, ಪಲ್ಲವಿಯ ಕೊನೆಯಲ್ಲಿ ಅವರು ಒಂದು ಎಳೆತ ಎಳೆಯುತ್ತಿದ್ದರು. ಮೂಲ ಹಾಡಿನಲ್ಲಿ ಅದು ಇಲ್ಲ. ನಾನು ತಿದ್ದಲು ಹೋದೆ.

"ಅತ್ತೆ, ಅಲ್ಲಿ ಹಾಗೆ ಎಳೆಯೋದಿಲ್ಲ."

"ಎಳೀಬೇಕು ಕಣೋ," ಎಂದರು. ಅಧ್ಯಕ್ಷರ ಮಾತಿಗೆ ಮೇಲ್ಮನವಿ ಇಲ್ಲ.

ಇನ್ನು ಹಾಸ್ಯನಟನೊಬ್ಬನ ಕೇಸು. ಸಾಂಬಾರು ತಣ್ಣಗಿದೆಯೆಂದು ಹೋಟೆಲಿನ ಸಪ್ಲೈಯರ್‌ಗೆ ಅವನು ಅಮ್ಮ ಅಕ್ಕನನ್ನೂ ಬಿಡದೆ ಬೈದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅತ್ತೆ ನೋಡಿದರು, ಶಿಕ್ಷೆ ಕೊಟ್ಟರು. ಏನು ಶಿಕ್ಷೆ? ಅವನ ಎದುರು ನಗುವುದಿಲ್ಲ! ಆದರೆ ನಗು ಬಂದರೆ ಏನು ಮಾಡುವುದು? ಆ ಪಾಪಿ ನಿಜಕ್ಕೂ ನಗಿಸುತ್ತಾನೆ. ಅವನು ತೆರೆಯ ಮೇಲೆ ಏಣಿ ಹತ್ತಿದ ಕೂಡಲೇ ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡುತ್ತಾರೆ. ಅಲ್ಲಿಂದ ಹೊಟ್ಟೆ ಹಿಡಿದು ನಗುವ ಸದ್ದು, ಒಂದು ಸ್ಟೀಲ್ ಮುಚ್ಚಳ ಬೀಳುವ ಸದ್ದು ಕೇಳುತ್ತದೆ. ಆಮೇಲೆ ಹೈಕೋರ್ಟ್ ಜಡ್ಜರ ಮುಖ ಮಾಡಿಕೊಂಡು ವಾಪಸ್ ಬಂದು ಕೂರುತ್ತಾರೆ.

"ಅಡುಗೆಮನೇಲಿ ಏನಾಯ್ತು ಅತ್ತೆ?"

"ಒಗ್ಗರಣೆ ಸೀದು ಹೋಗ್ತಿತ್ತು."

ಒಲೆ ಹಚ್ಚಿರಲೇ ಇಲ್ಲ. ನಾನು ಆ ವಿಷಯ ಎತ್ತಿದಾಗ ಸಿಟ್ಟಾಗದೆ ವಿವರಿಸಿದರು. "ಎದುರಿಗೆ ಕೂತು ನಕ್ಕರೆ ಅವನಿಗೆ ಗೌರವ ಕೊಟ್ಟ ಹಾಗೆ. ಒಳಗೆ ಹೋಗಿ ನಕ್ಕರೆ ಅವನ ಕೆಲಸಕ್ಕೆ ನಕ್ಕ ಹಾಗೆ. ಎರಡಕ್ಕೂ ವ್ಯತ್ಯಾಸ ಇಲ್ವೇನೋ?"

ಇಷ್ಟು ಸೂಕ್ಷ್ಮವಾಗಿ ಈ ವಿಷಯವನ್ನು ಬೇರೆ ಯಾರಾದರೂ ಬಿಡಿಸಿದ್ದನ್ನು ನಾನಂತೂ ಕೇಳಿಲ್ಲ.

ಒಳ್ಳೆಯವರಿಗೆ ಇದೇ ಮಂಡಳಿ ರಿಯಾಯಿತಿಯನ್ನೂ ಕೊಡುತ್ತದೆ. ಒಬ್ಬ ಖಳನಟರು ನಿಜ ಜೀವನದಲ್ಲಿ ಹಾಸಿಗೆ ಹಿಡಿದ ತಾಯಿಗೆ ತಾವೇ ತಲೆ ಬಾಚುತ್ತಾರೆಂದು ತಿಳಿದ ಮೇಲೆ ಅತ್ತೆ ಅವರ ಪಕ್ಷ ಸೇರಿದರು. ಕೊನೆಯ ಫೈಟಿನಲ್ಲಿ ಹೀರೋ ಅವರನ್ನು ಬಡಿಯುವಾಗ, "ಅಯ್ಯೋ, ನಿಧಾನಕ್ಕೆ ಹೊಡಿಯೋ, ಮನೇಲಿ ತಾಯಿ ಕಾಯ್ತಿರ್ತಾಳೆ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಸಿನಿಮಾದಲ್ಲಿ ಆತ ಹೀರೋನ ಇಡೀ ಸಂಸಾರವನ್ನೇ ಸುಟ್ಟಿರುತ್ತಾರೆ. ಅದು ಲೆಕ್ಕಕ್ಕಿಲ್ಲ!

ನಾನು ಅವರ ಮನೆಯಲ್ಲೇ ಇದ್ದು ಕಾಲೇಜಿನಲ್ಲಿ ಪಾಠ ಹೇಳುವವನು. ಸುಮ್ಮನಿರಲಾಗದೆ ಒಮ್ಮೆ ಹೇಳಿದೆ, "ಅತ್ತೆ, ಕಲೆ ಬೇರೆ, ಕಲಾವಿದ ಬೇರೆ."

"ಹಾಲು ಬೇರೆ, ಪಾತ್ರೆ ಬೇರೆ. ತೊಳೀದೇ ಇರೋ ಪಾತ್ರೆಗೆ ಹಾಲು ಹಾಕಿ ಕಾಯಿಸು ನೋಡೋಣ."

"ನಿಮ್ಮ ಹಲ್ಲಿನ ಡಾಕ್ಟ್ರು ಹೆಂಡತಿ ಜೊತೆ ಹೇಗಿರ್ತಾರೆ ಅಂತ ಯಾವತ್ತಾದ್ರೂ ಕೇಳಿದೀರಾ?"

"ಹಲ್ಲಿನ ಡಾಕ್ಟ್ರು ನನ್ನ ಹಲ್ಲು ಕೀಳ್ತಾರೆ ಕಣೋ. ನೀನೇ ನನ್ನ ಪ್ರಾಣ ಅಂತ ಹಾಡಲ್ಲ."

ನನ್ನ ಪಾಠ ಅಲ್ಲಿಗೆ ಮುಗಿಯಿತು. ಆದರೆ ನನ್ನ ಬಳಿ ಇನ್ನೊಂದು ಬಾಣ ಉಳಿದಿತ್ತು. ಅದು ಅದೇ ಹಾಲ್‌ನಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಪೇಪರ್ ಹಿಡಿದು ಕೂತಿತ್ತು. ನಮ್ಮ ಮಾವ, ಅಂದರೆ ಅತ್ತೆಯ ಗಂಡ.

ಮಾವ ಹಗಲು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದರು, ಸಂಜೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು. ರಾಜಾಜಿನಗರ, ವಿಜಯನಗರ, ಕೆಂಗೇರಿ, ಎಲ್ಲೇ ಗಣೇಶ ಕೂರಿಸಲಿ, ಮದುವೆಯ ರಿಸೆಪ್ಷನ್ ಇರಲಿ, ಮಿಂಚುವ ಕೋಟು, ಬಿಳಿ ಶೂ ತೊಟ್ಟು ಮಾವ ವೇದಿಕೆ ಹತ್ತಿದರೆ ಪ್ರೇಮವೇ ಮೈಕು ಹಿಡಿದು ನಿಂತಂತಿರುತ್ತಿತ್ತಂತೆ. ಆ ಪ್ರೇಮ ಮನೆಗೆ ಬರುವಾಗ ಬಸ್‌ಸ್ಟಾಪಿನಲ್ಲೇ ಇಳಿದುಹೋಗುತ್ತಿತ್ತು. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳಿ ಏಳುವುದು, ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುವುದು. ಹೆಂಡತಿಯನ್ನು ಒಂದೇ ಒಂದು ಪ್ರೋಗ್ರಾಮಿಗೂ ಕರೆದೊಯ್ಯಲಿಲ್ಲ. "ಸಂಸಾರಸ್ಥ ಹೆಂಗಸ್ರು ಬರೋ ಜಾಗ ಅಲ್ಲ" ಎನ್ನುತ್ತಿದ್ದರಂತೆ. ಎದುರು ಕೂತವರಲ್ಲಿ ಮುಕ್ಕಾಲು ಪಾಲು ಸಂಸಾರಸ್ಥ ಹೆಂಗಸರೇ ಇರುತ್ತಿದ್ದರು! ಕೆಲವು ವರ್ಷಗಳ ಹಿಂದೆ ಗಂಟಲಿನ ಆಪರೇಷನ್ ಆಗಿ ಮಾವನ ದನಿ ಹೋಯಿತು. ಈಗ ಏನೇ ಹೇಳಿದರೂ ಪಿಸುಮಾತು.

ಒಂದು ದಿನ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಾಗ ಬಾಣ ಬಿಟ್ಟೆ. "ಅತ್ತೆ, ನಿಮ್ಮ ಕಾಯಿದೆ ಪ್ರಕಾರ ಮಾವನಿಗೆ ಏನು ಶಿಕ್ಷೆ?"

ಅತ್ತೆ ತಲೆ ಎತ್ತಲಿಲ್ಲ. "ಅವರು ಫೇಮಸ್ ಆಗ್ಲಿಲ್ಲವಲ್ಲ. ಫೇಮಸ್ ಆಗದೇ ಇರೋರ ಕೇಸು ನಾನು ತಗೊಳಲ್ಲ."

ಕಿಟಕಿಯ ಪಕ್ಕದಲ್ಲಿ ಪೇಪರ್ ಸ್ವಲ್ಪ ಅಲುಗಿತು.

ಗ್ರಹಚಾರ ನೋಡಿ, ಮರುವಾರವೇ ಮಾವ ಫೇಮಸ್ ಆಗುವ ಹಂತಕ್ಕೆ ಬಂದರು. ರಾಜ್ಯೋತ್ಸವಕ್ಕೆ ನಮ್ಮ ಬ್ಲಾಕಿನ ಸಂಘದ ಹುಡುಗರು ಹಳೆಯ ಕಲಾವಿದರೊಬ್ಬರನ್ನು ಸನ್ಮಾನಿಸಬೇಕೆಂದು ಹುಡುಕಿ, ಮಾವನನ್ನು ಹಿಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲ ಉಂಟು. ಮಾವನ ಕಣ್ಣು ಹೊಳೆಯಿತು. ಜೀವಮಾನದಲ್ಲೇ ಅವರಿಗೆ ಸಿಕ್ಕ ಮೊದಲ ಸನ್ಮಾನ ಅದು. ಕಾರ್ಖಾನೆಯವರು ನಿವೃತ್ತಿಯ ದಿನ ಕೊಟ್ಟದ್ದು ಗೋಡೆ ಗಡಿಯಾರ. ಅದು ಲೇತಿಗೆ ಕೊಟ್ಟದ್ದು, ಹಾಡಿಗಲ್ಲ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಹುಡುಗ ಅತ್ತೆಯ ಕಡೆ ತಿರುಗಿ, "ಆಂಟಿ, ಅಂಕಲ್ ಬಗ್ಗೆ ನೀವೇ ಮಾತಾಡ್ಬೇಕು. ಕಲಾವಿದರ ಮಿಸೆಸ್ ಆಗಿ ನಿಮ್ಮ ಅನುಭವ ಹೇಳಿ" ಎಂದ.

ಅತ್ತೆ ಮಾವನನ್ನು ಒಮ್ಮೆ ನೋಡಿದರು. ಆಮೇಲೆ ಹುಡುಗನನ್ನು ಕೇಳಿದರು, "ಎಷ್ಟು ಹೊತ್ತು ಟೈಮ್ ಕೊಡ್ತೀಯಪ್ಪಾ?"

ಆ ವಾರ ಮಾವನ ನಡವಳಿಕೆ ನೋಡಬೇಕಿತ್ತು! ಉಂಡ ತಟ್ಟೆ ತಾವೇ ತೊಳೆದರು. ನೀರಿನ ಮೋಟರು ಯಾರೂ ಹೇಳದೆ ಆಫ್ ಮಾಡಿದರು. ಉಪ್ಪೇ ಹಾಕದ ಸಾರನ್ನು, ಅತ್ತೆ ಬೇಕೆಂದೇ ಮಾಡಿದ್ದರೋ ಮರೆತಿದ್ದರೋ, ಎರಡು ಸಲ ಬಡಿಸಿಕೊಂಡು ಉಂಡರು. ಅತ್ತೆ ಏನೂ ಆಗಿಲ್ಲವೆಂಬಂತೆ ಟಿವಿ ನೋಡುತ್ತ, ಮ್ಯೂಟ್ ಒತ್ತುತ್ತ, ಹಾಡುತ್ತ ಇದ್ದರು. ಕೊನೆಗೆ ಮಾವ ನನ್ನನ್ನು ಟೆರೇಸಿಗೆ ಕರೆದೊಯ್ದು ಪಿಸುಗುಟ್ಟಿದರು, "ಏನು ಹೇಳ್ತಾಳಂತೆ?"

"ನನಗೂ ಹೇಳ್ತಿಲ್ಲ ಮಾವ."

ಅವರು ನೀರಿನ ಟ್ಯಾಂಕಿಗೆ ಒರಗಿದರು. "ಹೇಳಿದ್ರೆ ಹೇಳ್ಲಿ ಬಿಡು. ಸುಳ್ಳೇನಲ್ಲವಲ್ಲ," ಎಂದರು. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆಗ ನಗು ಬರಲಿಲ್ಲ. ಆ ಮನುಷ್ಯನಿಗೆ ಉಳಿದಿದ್ದುದು ಚೆನ್ನಾಗಿ ಹಾಡುತ್ತಿದ್ದನೆಂಬ ಹೆಸರೊಂದೇ. ಅದೂ ಈಗ ಅತ್ತೆಯ ಕೈಯಲ್ಲಿತ್ತು.

ರಾಜ್ಯೋತ್ಸವದ ಸಂಜೆ ರಸ್ತೆಗೆ ಅಡ್ಡಲಾಗಿ ಪೆಂಡಾಲು, ಕೆಂಪು ಹಳದಿ ಬಾವುಟ, ಪ್ಲಾಸ್ಟಿಕ್ ಕುರ್ಚಿಗಳು. ಮಾವನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಸ್ನೇಹಿತರು ಶ್ರೀಗಂಧದ ಕಾವಲ್‌ನಿಂದ ಆಟೋ ಮಾಡಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತಿದ್ದರು. ಮಾವನಿಗೆ ಶಾಲು ಹೊದಿಸಿ ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಹುಬ್ಬಿನವರೆಗೂ ಇಳಿದಿತ್ತು. ಅದರ ಕೆಳಗಿನಿಂದ ಅವರು ಹೆಂಡತಿಯನ್ನೇ ನೋಡುತ್ತಿದ್ದರು.

ಅತ್ತೆ ಮೈಕು ಹಿಡಿದರು. "ಇವರು ಚೆನ್ನಾಗಿ ಹಾಡ್ತಿದ್ರು," ಎಂದು ನಿಲ್ಲಿಸಿದರು. "ಮನೇಲಿ ಹೇಗಿದ್ರು ಅನ್ನೋದು ಬೇರೆ. ಅದನ್ನ ಇವರಿಗೇ ಹೇಳಿದೀನಿ, ಇನ್ನೂ ಹೇಳೋದಿದೆ. ಅದು ನನಗೂ ಇವರಿಗೂ ಸೇರಿದ್ದು. ಆದ್ರೆ ಚೆನ್ನಾಗಿ ಹಾಡ್ತಿದ್ರು. ಅದು ಮಾತ್ರ ಸತ್ಯ." ಜನ ನಕ್ಕು ಚಪ್ಪಾಳೆ ತಟ್ಟಿದರು. ಮಾವ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಂಘದ ಹುಡುಗರು ಮಾವ ಹಾಡುತ್ತಿದ್ದ ಹಾಡೊಂದನ್ನು ಹಾಕಬೇಕೆಂದಿದ್ದರು. ಮಾವನ ದನಿಯನ್ನು ಆ ಕಾಲದಲ್ಲಿ ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ಹುಡುಗರು ತಲೆ ಓಡಿಸಿ ಸಿನಿಮಾದ ಮೂಲ ಹಾಡನ್ನೇ ಹಾಕಿಬಿಟ್ಟರು. ಅದು ಆ ಬಹಿಷ್ಕೃತ ಗಾಯಕರ ಯುಗಳಗೀತೆ!

ಹೆಣ್ಣಿನ ಸಾಲು ಮುಗಿಯುತ್ತಿದ್ದಂತೆ ಅತ್ತೆಯ ಕೈ ಮಡಿಲಲ್ಲಿ ರಿಮೋಟಿಗಾಗಿ ತಡಕಾಡಿದ್ದನ್ನು ನಾನು ನೋಡಿದೆ. ರಿಮೋಟಿಲ್ಲ. ಅವರು ಎದ್ದು ನಿಂತು ಸೌಂಡಿನವನ ಕಡೆ ಕೈ ಕೆಳಗಿಳಿಸಿ ಸನ್ನೆ ಮಾಡಿದರು. ಅವನು ಗಾಬರಿಯಾಗಿ ಪೂರ್ತಿ ಇಳಿಸಿಬಿಟ್ಟ. ಇಡೀ ರಸ್ತೆ ಸ್ತಬ್ಧವಾಯಿತು. ಆ ಖಾಲಿಯೊಳಗೆ ಅತ್ತೆ, ದಿನಾ ಮನೆಯಲ್ಲಿ ಹಾಡುವಂತೆಯೇ, ಗಂಡಿನ ಸಾಲನ್ನು ಹಾಡಿದರು. ಪಲ್ಲವಿಯ ಕೊನೆಗೆ ಬಂದು, ಮೂಲದಲ್ಲಿ ಇಲ್ಲದ ಆ ಎಳೆತವನ್ನು ಎಳೆದರು.

ನನ್ನ ಪಕ್ಕದಲ್ಲಿದ್ದ ಕೀಬೋರ್ಡ್‌ನವರು ಮುಂದಕ್ಕೆ ಬಾಗಿದರು. "ಇದು ಸಿನಿಮಾದ್ದಲ್ಲ ಸಾರ್. ಇದು ಇವನದ್ದು. ಇಲ್ಲಿ ಬಂದ್ರೆ ಹೀಗೇ ಎಳೀತಿದ್ದ. ತಾಳ ತಪ್ಪುತ್ತೆ ಅಂತ ನಾವೆಲ್ಲ ಬೈತಿದ್ವಿ."

ಸೌಂಡಿನವನು ಜಾಣ. ಒಂದೇ ಚರಣದಲ್ಲಿ ಅವನಿಗೆ ನಮ್ಮತ್ತೆಯ ಕಾಯಿದೆ ಅರ್ಥವಾಯಿತು. ಹೆಣ್ಣಿನ ಸಾಲಿಗೆ ಏರಿಸುತ್ತ, ಗಂಡಿನ ಸಾಲಿಗೆ ಇಳಿಸುತ್ತ ಹೋದ. ವೇದಿಕೆಯ ಮೇಲೆ ಮಾವನ ತುಟಿಗಳು ಅತ್ತೆಯ ಹಾಡಿನ ಜೊತೆಯಲ್ಲೇ ಆಡುತ್ತಿದ್ದವು.

ಮನೆಗೆ ಬಂದೆವು. ಮಾವ ಶಾಲನ್ನು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದರು. ಅತ್ತೆ ಟಿವಿ ಹಾಕಿದರು. ಮಾವ ನಿಂತುಕೊಂಡೇ ಪಿಸುಗುಟ್ಟಿದರು, "ನೀನು ಯಾವಾಗ ಕೇಳಿದ್ದೆ? ನಾನು ನಿನ್ನ ಒಂದು ಪ್ರೋಗ್ರಾಮಿಗೂ ಕರ್ಕೊಂಡು ಹೋಗ್ಲಿಲ್ಲ."

"ಇಲ್ಲೇ ಹಾಲ್‌ನಲ್ಲಿ ಪ್ರಾಕ್ಟೀಸ್ ಮಾಡ್ತಿದ್ರಲ್ಲ," ಎಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ. "ನಾನು ಅಡುಗೆಮನೇಲಿ ನಿಂತು ಕೇಳ್ತಿದ್ದೆ."

"ಎದುರಿಗೆ ಬಂದು ಕೂರ್ಬಾರ್ದಿತ್ತಾ?"

ಉತ್ತರ ನನಗೆ ಗೊತ್ತಿತ್ತು, ಹಾಸ್ಯನಟನ ಕೇಸಿನಲ್ಲಿ ಅತ್ತೆಯೇ ಹೇಳಿದ್ದರು. ಅದನ್ನು ಮಾವನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಮಾವ ಮೆಲ್ಲಗೆ ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿದ ಸದ್ದು, ಲೋಟಗಳ ಸದ್ದು ಬಂತು. ಅವುಗಳ ನಡುವೆ ದನಿ ಎನ್ನಲಾಗದ, ಬರೀ ಉಸಿರಿನಂಥ ಒಂದು ಗುನುಗು ಕೇಳಿಸಿತು. ಪಲ್ಲವಿಯ ಕೊನೆಯಲ್ಲಿ ಅದು ಎಳೆಯಲು ಹೋಗಿ ತುಂಡಾಯಿತು. ಸ್ವಲ್ಪ ತಡೆದು ಮತ್ತೆ ಮೊದಲಿನಿಂದ ಶುರುವಾಯಿತು.

ಅತ್ತೆ ರಿಮೋಟು ತೆಗೆದುಕೊಂಡು ಮ್ಯೂಟ್ ಒತ್ತಿದರು. ಟಿವಿಯಲ್ಲಿ ಆಗ ಬರುತ್ತಿದ್ದುದು ಅವರ ಅಚ್ಚುಮೆಚ್ಚಿನ, ಯಾವ ಅಪರಾಧವೂ ಇಲ್ಲದ ಗಾಯಕಿಯ ಹಾಡು. ಆಮೇಲೆ ಎದ್ದು, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಅಡುಗೆಮನೆಯ ಬಾಗಿಲವರೆಗೂ ಎಳೆದುಕೊಂಡು ಹೋಗಿ, ಮಾವನ ಎದುರಿಗೇ ಹಾಕಿಕೊಂಡು ಕೂತರು.